ಬೀಗದೊಳಗಣ ಬೀದಿ

ನಗರದ ನಟ್ಟನಡುವೆ ಕಟ್ಟಿದ ಮಾಲ್ ಎಂಬ ವ್ಯಾಪಾರದ ಮಹಲು ಕಳೆಗುಂದಿ, ಅದರೊಳಗಣ ಅಂಗಡಿಗಳು ಒಂದೊಂದಾಗಿ ಬಾಗಿಲೆಳೆದುಕೊಂಡು, ಯಂತ್ರದ ಮೆಟ್ಟಿಲುಗಳು ಹತ್ತಿಳಿಯುವವರಿಲ್ಲದೆ ನಿಂತುಹೋದುವೆಂದರೆ, ಅದಕ್ಕೆ ಚಿಕಿತ್ಸೆ ಹೇಳುವ ವೈದ್ಯರಿಗೆ ಎಂದೂ ಬರಗಾಲವಿಲ್ಲ. ಅವರೆಲ್ಲರ ಔಷಧವೂ ಒಂದೇ: ಇದನ್ನು ಕೆಡವಿರಿ, ಇದಕ್ಕಿಂತ ದೊಡ್ಡದೊಂದನ್ನು ಕಟ್ಟಿರಿ, ಕೆಡವುವ ಖರ್ಚನ್ನು ಸರಕಾರದ ಬೊಕ್ಕಸಕ್ಕೆ ಬರೆಯಿರಿ. ರೋಗವು ಯಾವುದೆಂದು ಕೇಳುವ ತಾಳ್ಮೆಯು ಈ ವೈದ್ಯರಿಗಿಲ್ಲ. ಕಟ್ಟಡವು ಹಳತಾಯಿತು, ಜನರ ಅಭಿರುಚಿಯು ಬದಲಾಯಿತು, ಕಾಲವು ಹಾಗೆ ಬಂದಿತು ಎಂಬ ಮೂರು ಮಾತಿನಲ್ಲಿ ಅವರ ರೋಗನಿದಾನವು ಮುಗಿದುಹೋಗುತ್ತದೆ.

ಈ ನಿದಾನವು ತಪ್ಪು. ನಗರಮಧ್ಯದ ಮಾಲು ಸಾಯುವುದು ಮುಪ್ಪಿನಿಂದಲ್ಲ. ನೂರಾರು ಬಾಗಿಲುಗಳೂ ನೂರಾರು ಒಡೆಯರೂ ಇದ್ದ ಬೀದಿಯನ್ನು ಎತ್ತಿ, ಒಬ್ಬ ಒಡೆಯನ ಒಂದು ಬೀಗದೊಳಗೆ ಇಟ್ಟದ್ದೇ ಅದರ ಹುಟ್ಟುರೋಗ. ಆ ರೋಗವನ್ನು ಹಾಗೆಯೇ ಉಳಿಸಿಕೊಂಡು ಕಟ್ಟಡವನ್ನು ಮಾತ್ರ ಬದಲಾಯಿಸುವುದು ಹುಣ್ಣಿನ ಮೇಲೆ ಪಟ್ಟೆವಸ್ತ್ರವನ್ನು ಹೊದಿಸಿದಂತೆಯೇ ಸರಿ. ಕನ್ನಡನಾಡಿನ ನಗರಗಳಲ್ಲಿಯೂ ಹಳೆಯ ಪೇಟೆಗಳನ್ನು ಕೆಡವಿ ಬಹು ಅಂತಸ್ತಿನ ಮಳಿಗೆಗಳನ್ನು ಎಬ್ಬಿಸಬೇಕೆಂಬ ಮಾತು ಮತ್ತೆ ಮತ್ತೆ ಕೇಳಿಬರುತ್ತಿರುವುದರಿಂದ, ಇದು ಪರದೇಶದ ಸುದ್ದಿಯೆಂದು ತಳ್ಳಿಹಾಕತಕ್ಕುದಲ್ಲ. ವಿಚಾರಣೆಗೆ, ಹುಟ್ಟಿನಿಂದ ಮಣ್ಣಾಗುವವರೆಗಿನ ಚರಿತ್ರೆಯೆಲ್ಲವೂ ಕಣ್ಣಮುಂದಿರುವ ಒಂದು ಮಾಲನ್ನು ಆರಿಸಿಕೊಳ್ಳುವುದು ಲೇಸು. ಅಂಥದು, ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ರಾಚೆಸ್ಟರ್ ನಗರದಲ್ಲಿದ್ದ ಮಿಡ್‌ಟೌನ್ ಪ್ಲಾಜಾ.

ರಾಚೆಸ್ಟರ್ ಎಂಬುದು ಒಂಟಾರಿಯೊ ಸರೋವರದ ದಡಕ್ಕೆ ಸಮೀಪವಾಗಿ, ಜೆನೆಸೀ ನದಿಯ ಮೇಲಿರುವ ಊರು. ಛಾಯಾಚಿತ್ರದ ಪೆಟ್ಟಿಗೆಯನ್ನು ಮನೆಮನೆಗೆ ಮುಟ್ಟಿಸಿದ ಕೊಡ್ಯಾಕ್ ಕಂಪನಿಗೂ, ಪ್ರತಿಗಳನ್ನು ತೆಗೆಯುವ ಯಂತ್ರದಿಂದ ಹೆಸರಾದ ಜೆರಾಕ್ಸ್ ಕಂಪನಿಗೂ ಅದು ತವರು. ಚಳಿಗಾಲದಲ್ಲಿ ಅಲ್ಲಿ ಹಿಮವು ಮೊಣಕಾಲುದ್ದ ಬೀಳುವುದುಂಟು. ಅಂಥ ಊರಿನ ಮುಖ್ಯ ಬೀದಿಯಲ್ಲಿ, ಮೆಕರ್ಡಿ ಮತ್ತು ಫೋರ್ಮನ್ ಎಂಬ ಎರಡು ಮನೆತನಗಳಿಗೆ ಸೇರಿದ, ಸಕಲ ಸರಕುಗಳನ್ನೂ ಒಂದೇ ಸೂರಿನಡಿ ಮಾರುವ ಎರಡು ದೊಡ್ಡ ಅಂಗಡಿಗಳಿದ್ದುವು. ಎರಡನೆಯ ಮಹಾಯುದ್ಧದ ತರುವಾಯ ಗಿರಾಕಿಗಳು ಮೋಟಾರು ಹತ್ತಿ ಊರ ಹೊರವಲಯಕ್ಕೆ ಮನೆ ಬದಲಾಯಿಸತೊಡಗಿದರು; ವ್ಯಾಪಾರವೂ ಅವರ ಬೆನ್ನು ಹತ್ತಿ ಹೋಗುವ ಲಕ್ಷಣಗಳು ಕಂಡುವು. ಆಗ ಈ ಎರಡು ಮನೆತನದವರು ಊರನ್ನು ಬಿಟ್ಟು ಓಡಿಹೋಗಲಿಲ್ಲ; ಊರ ನಡುವೆಯೇ ಒಂದು ಮಾಲನ್ನು ಕಟ್ಟಲು ನಿಶ್ಚಯಿಸಿದರು. ಅವರ ಊರಭಿಮಾನವನ್ನು ಹಳಿಯಲು ಕಾರಣವಿಲ್ಲ. ಕಟ್ಟಡದ ಕೆಳಗೆ ಸುಮಾರು ೨,೦೦೦ ಮೋಟಾರುಗಳನ್ನು ನಿಲ್ಲಿಸುವ ನೆಲಮಾಳಿಗೆಯನ್ನು ಪೌರಸಭೆಯು ಕಟ್ಟಿಸಿಕೊಟ್ಟಿತು. ಮೇಲೆ ಕಚೇರಿಗಳ ಗೋಪುರ, ನಡುವೆ ಗಾಜಿನ ಸೂರಿನ ಚೌಕ, ಸುತ್ತಲೂ ಅಂಗಡಿಗಳು. ೧೯೬೨ನೆಯ ಇಸವಿ ಏಪ್ರಿಲ್ ತಿಂಗಳಲ್ಲಿ ಅದು ತೆರೆಯಿತು. ಅಮೆರಿಕದಲ್ಲಿ ನಗರಮಧ್ಯದಲ್ಲಿ ಕಟ್ಟಿದ ಮುಚ್ಚುಸೂರಿನ ಮಾಲುಗಳಲ್ಲಿ ಇದೇ ಮೊದಲನೆಯದೆಂದು ಪ್ರಸಿದ್ಧಿ ಪಡೆಯಿತು.

ಇದರ ನಕ್ಷೆಯನ್ನು ಬರೆದವನು ವಿಕ್ಟರ್ ಗ್ರುಯೆನ್. ಈತನ ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಏಕೆಂದರೆ ಮಾಲಿನ ಮೇಲಣ ಆರೋಪಕ್ಕೆ ಈತನಿಗಿಂತ ದೊಡ್ಡ ಸಾಕ್ಷಿಯು ಬೇರೊಬ್ಬನಿಲ್ಲ. ೧೯೦೩ರಲ್ಲಿ ವಿಯೆನ್ನಾ ನಗರದ ಯಹೂದಿ ಕುಟುಂಬವೊಂದರಲ್ಲಿ ಹುಟ್ಟಿದ ಗ್ರುಯೆನ್, ಹಿಟ್ಲರನ ಸೈನ್ಯವು ೧೯೩೮ರಲ್ಲಿ ಆಸ್ಟ್ರಿಯವನ್ನು ನುಂಗಿದಾಗ ತಪ್ಪಿಸಿಕೊಂಡು ಅಮೆರಿಕಕ್ಕೆ ಬಂದವನು. ಕಾಫಿಯ ಅಂಗಡಿ, ಕಾಲ್ನಡಿಗೆಯ ಚೌಕ, ಅಪರಿಚಿತರು ಎದುರುಬದುರು ಕುಳಿತು ಮಾತನಾಡುವ ಸುಖ, ಇವು ಅವನ ನೆನಪಿನಲ್ಲಿದ್ದ ವಿಯೆನ್ನಾ. ಅಮೆರಿಕದ ಹೊರವಲಯಗಳಲ್ಲಿ ಅವನು ಕಂಡದ್ದು, ಹೆದ್ದಾರಿಯ ಎರಡು ಬದಿಗೂ ಚೆಲ್ಲಿದಂತಿದ್ದ ಅಂಗಡಿಗಳು ಮತ್ತು ಒಂದು ಸೇರು ಹಾಲಿಗೂ ಮೋಟಾರು ಹತ್ತಬೇಕಾದ ಸಂಸಾರಗಳು. ಈ ಜನರಿಗೆ ಒಂದು ಚೌಕವನ್ನು ಕಟ್ಟಿಕೊಡಬೇಕೆಂದು ಹಂಬಲಿಸಿ, ೧೯೫೬ರಲ್ಲಿ ಮಿನಿಯಾಪೊಲಿಸ್ ನಗರದ ಬಳಿಯ ಈಡೈನಾ ಎಂಬಲ್ಲಿ ಸೌತ್‌ಡೇಲ್ ಎಂಬ ಮಾಲನ್ನು ನಿರ್ಮಿಸಿದನು. ಹೊರಗೆ ಹಿಮವಿರಲಿ ಬಿಸಿಲಿರಲಿ, ಒಳಗೆ ಸದಾ ವಸಂತ. ಆದರೆ ಗ್ರುಯೆನನ ನಕ್ಷೆಯಲ್ಲಿ ಅಂಗಡಿಗಳು ಮಾತ್ರವೇ ಇರಲಿಲ್ಲ. ಸುತ್ತಲೂ ಮನೆಗಳು, ಶಾಲೆ, ಆಸ್ಪತ್ರೆ, ಉದ್ಯಾನ, ಹೀಗೆ ಒಂದು ಊರೇ ಇತ್ತು. ಹಣ ಹಾಕಿದವರು ಆ ನಕ್ಷೆಯಿಂದ ತಮಗೆ ಬೇಕಾದ ಅಂಗಡಿಗಳನ್ನು ಮಾತ್ರ ಆಯ್ದುಕೊಂಡು ಉಳಿದ ಊರನ್ನು ಕಾಗದದ ಮೇಲೆಯೇ ಬಿಟ್ಟರು. ಅಕ್ಕಿಯನ್ನು ಕೇಳಿದವನಿಗೆ ಹೊಟ್ಟನ್ನು ಅಳೆದುಕೊಟ್ಟಂತಾಯಿತು.

ಸೌತ್‌ಡೇಲಿನಲ್ಲಿ ಕೈಗೂಡದ ಆಸೆಯನ್ನು ಗ್ರುಯೆನ್ ರಾಚೆಸ್ಟರಿನಲ್ಲಿ ತೀರಿಸಿಕೊಳ್ಳಹೊರಟನು. ಇಲ್ಲಿ ಹೊಲವಲ್ಲ, ನಿಜವಾದ ಊರೇ ಸುತ್ತಲೂ ಇತ್ತಲ್ಲವೆ? ಮೊದಲ ವರ್ಷಗಳಲ್ಲಿ ಅವನ ಆಸೆಯು ಕೈಗೂಡಿದಂತೆಯೇ ಕಂಡಿತು. ಮಿಡ್‌ಟೌನಿನ ಚೌಕದ ನಡುವೆ ನಿಲ್ಲಿಸಿದ್ದ ರಾಷ್ಟ್ರಗಳ ಗಡಿಯಾರದಲ್ಲಿ, ಹನ್ನೆರಡು ದೇಶಗಳ ಬೊಂಬೆಗಳು ತಮ್ಮ ತಮ್ಮ ಗೂಡುಗಳಿಂದ ಮುಖ ತೋರಿಸಿ ಕುಣಿಯುತ್ತಿದ್ದುವು. ಕ್ರಿಸ್‌ಮಸ್ಸಿನ ದಿನಗಳಲ್ಲಿ ಒಂದೇ ಕಂಬಿಯ ಮೇಲೆ ಓಡುವ ಪುಟ್ಟ ರೈಲು ಮಕ್ಕಳನ್ನು ಹೊತ್ತುಕೊಂಡು ಜನರ ತಲೆಯ ಮೇಲೆ ಸುತ್ತುತ್ತಿತ್ತು. ಹಿಮ ಬೀಳುವ ದಿನ ವೃದ್ಧರು ಒಳಗೆ ಬಂದು ಬೆಚ್ಚಗೆ ಕುಳಿತಿರುತ್ತಿದ್ದರು. ಇದೆಲ್ಲವೂ ದಿಟ, ಆ ಊರಿನ ಹಿರಿಯರಲ್ಲಿ ಆ ಗಡಿಯಾರವನ್ನು ನೆನೆದು ಹನಿಗಣ್ಣಾಗುವವರಿದ್ದರೆ ಅದನ್ನು ಪರಿಹಾಸ ಮಾಡತಕ್ಕುದಲ್ಲ. ಪ್ರಶ್ನೆಯು ಬೇರೆ. ಇಷ್ಟು ಪ್ರೀತಿಯನ್ನು ಗಳಿಸಿದ ಚೌಕವು ಐವತ್ತು ವರ್ಷವೂ ಬಾಳಲಿಲ್ಲವೇಕೆ?

ಉತ್ತರದ ಒಂದು ಭಾಗವು ಊರಿನ ಚರಿತ್ರೆಯಲ್ಲಿದೆ. ಮಾಲು ಏಳುತ್ತಿದ್ದ ಆ ವರ್ಷಗಳಲ್ಲಿಯೇ ನಗರಮಧ್ಯವನ್ನು ಬಳಸಿ ಇನ್ನರ್ ಲೂಪ್ ಎಂಬ ಹೆದ್ದಾರಿಯೊಂದು ಸಿದ್ಧವಾಗುತ್ತಿತ್ತು. ೧೯೬೫ರಲ್ಲಿ ಅದು ಪೂರ್ತಿಯಾಯಿತು. ಬಹುಭಾಗ ನೆಲಮಟ್ಟದಿಂದ ಕೆಳಗೆ ಅಗೆದು ಮಾಡಿದ ಈ ಹೆದ್ದಾರಿಯು ಕೋಟೆಯ ಕಂದಕದಂತೆ ಪೇಟೆಯನ್ನು ಸುತ್ತಲ ಕೇರಿಗಳಿಂದ ಬೇರ್ಪಡಿಸಿತು. ನಡೆದುಬರುವವರಿಗೆ ಕಂದಕ, ಮೋಟಾರಿನವರಿಗೆ ಹೊರವಲಯಕ್ಕೆ ಓಡಿಹೋಗಲು ರಾಜಮಾರ್ಗ. ನಗರ ಪುನರುಜ್ಜೀವನವೆಂಬ ಹೆಸರಿನಲ್ಲಿ ಬಡವರ, ವಿಶೇಷವಾಗಿ ಕಪ್ಪುವರ್ಣೀಯರ ಕೇರಿಗಳು ನೆಲಸಮವಾದುವು. ಮನೆಯಲ್ಲಿಯೂ ಕೆಲಸದಲ್ಲಿಯೂ ಅವರಿಗೆ ತೋರಿಸಿದ ಭೇದವು ಹೊಗೆಯಾಡುತ್ತಿದ್ದು ೧೯೬೪ರ ಜುಲೈಯಲ್ಲಿ ದಂಗೆಯಾಗಿ ಭುಗಿಲೆದ್ದಿತು. ಅನುಕೂಲಸ್ಥರಾದ ಬಿಳಿಯ ಸಂಸಾರಗಳು ಊರನ್ನು ಬಿಡುವುದು ಮತ್ತಷ್ಟು ಬಿರುಸಾಯಿತು. ೧೯೫೦ರ ಜನಗಣತಿಯಲ್ಲಿ ೩,೩೨,೪೮೮ ಇದ್ದ ನಗರದ ಜನಸಂಖ್ಯೆಯು ೨೦೦೦ದಲ್ಲಿ ೨,೧೯,೭೭೩ಕ್ಕೆ ಇಳಿದಿತ್ತು. ಇತ್ತ ಹೊರವಲಯದಲ್ಲಿ ೧೯೭೧ರಲ್ಲಿ ಈಸ್ಟ್‌ವ್ಯೂ, ೧೯೮೨ರಲ್ಲಿ ಮಾರ್ಕೆಟ್‌ಪ್ಲೇಸ್, ೧೯೯೦ರಲ್ಲಿ ಇರಾಂಡಿಕ್ವಾಯಿಟ್ ಎಂಬ ಮಾಲುಗಳು ಒಂದರ ಹಿಂದೊಂದು ತೆರೆದುವು. (ಕೊನೆಯದು ಕೆಲವೇ ವರ್ಷಗಳಲ್ಲಿ ತಾನೇ ಸೊರಗಿ ಹೆಸರು ಬದಲಾಯಿಸಿಕೊಂಡು ಮುಚ್ಚಿಹೋಯಿತೆಂಬುದು, ಮಾಲುಗಳಿಗೆ ಹೊರವಲಯವು ಸಂಜೀವಿನಿಯೆಂದು ನಂಬಿರುವವರಿಗೆ ಒಳ್ಳೆಯ ಪಾಠ.)

ಊರು ಬಡವಾದರೆ ಬೀದಿಯೂ ಬಡವಾಗುತ್ತದೆ. ಇದರಲ್ಲಿ ಮಾಲಿನ ವಿಶೇಷ ಅಪರಾಧವೇನೆಂದು ಕೇಳಬಹುದು. ವಿಶೇಷವಿರುವುದು ಇಲ್ಲಿಯೇ. ಬೀದಿಯು ಬಡವಾಗುವ ಬಗೆ ಬೇರೆ, ಮಾಲು ಬಡವಾಗುವ ಬಗೆ ಬೇರೆ.

ಬೀದಿಯಲ್ಲಿ ಜವಳಿಯ ಅಂಗಡಿಯೊಂದು ಮುಚ್ಚಿದರೆ ಅದರ ಒಡೆಯನು ಬಾಡಿಗೆಯನ್ನು ಇಳಿಸುತ್ತಾನೆ. ಇಳಿದ ಬಾಡಿಗೆಗೆ ಒಬ್ಬ ದರ್ಜಿಯೋ ಗಡಿಯಾರ ರಿಪೇರಿಯವನೋ ಇಡ್ಲಿಯ ಹೋಟೆಲಿನವನೋ ಬರುತ್ತಾನೆ. ಮೇಲಿನ ಅಂತಸ್ತಿನಲ್ಲಿ ಸಂಸಾರವಿರುವುದರಿಂದ ರಾತ್ರಿಯೂ ದೀಪ ಉರಿಯುತ್ತದೆ. ಪಕ್ಕದ ಅಂಗಡಿಯವನಿಗೆ ಜವಳಿಯವನ ಅಳಿವು ನಷ್ಟವೇ ಹೊರತು ಮರಣವಲ್ಲ. ಬೆಂಗಳೂರಿನ ಚಿಕ್ಕಪೇಟೆ, ಹುಬ್ಬಳ್ಳಿಯ ದುರ್ಗದಬೈಲು, ಮೈಸೂರಿನ ಸಯ್ಯಾಜಿರಾವ್ ರಸ್ತೆ, ಇವುಗಳಲ್ಲಿ ಎಷ್ಟು ಅಂಗಡಿಗಳು ಬಂದುವು, ಎಷ್ಟು ಹೋದುವು! ಬೀದಿಯು ಸತ್ತಿತೆಂದು ಯಾರೂ ಸೂತಕ ಹಿಡಿಯಲಿಲ್ಲ.

ಮಾಲಿನ ಲೆಕ್ಕವು ಹೀಗಲ್ಲ. ಅಲ್ಲಿ ಎರಡೋ ಮೂರೋ ದೊಡ್ಡ ಅಂಗಡಿಗಳು ಕಂಬಗಳಿದ್ದಂತೆ. ಅವು ಜನರನ್ನು ಸೆಳೆದು ತರುತ್ತವೆಂಬ ಕಾರಣದಿಂದ ಅವುಗಳಿಗೆ ಬಾಡಿಗೆಯು ಅತ್ಯಲ್ಪ; ಕೆಲವೆಡೆ ಇಲ್ಲವೆಂದರೂ ನಡೆಯುತ್ತದೆ. ಕಂಬದಿಂದ ಕಂಬಕ್ಕೆ ನಡೆದುಹೋಗುವ ಜನರನ್ನು ನಂಬಿ ನಡುವಣ ಸಣ್ಣ ಅಂಗಡಿಗಳು ಹೆಚ್ಚಿನ ಬಾಡಿಗೆಯನ್ನು ತೆರುತ್ತವೆ. ಕಂಬವು ಬಿದ್ದರೆ ತಮ್ಮ ಬಾಡಿಗೆಯು ಇಳಿಯಬೇಕು, ಇಲ್ಲವೆ ಕರಾರನ್ನು ಮುರಿದು ಹೊರಟುಹೋಗುವ ಹಕ್ಕು ತಮಗಿರಬೇಕು ಎಂದು ಅವುಗಳಲ್ಲಿ ಅನೇಕವು ಗುತ್ತಿಗೆಯ ಪತ್ರದಲ್ಲಿಯೇ ಬರೆಸಿಕೊಂಡಿರುತ್ತವೆ. ಆದುದರಿಂದ ಒಂದು ದೊಡ್ಡ ಅಂಗಡಿ ಮುಚ್ಚಿದ ಮರುದಿನದಿಂದಲೇ ಸಣ್ಣವು ಲೆಕ್ಕ ಹಾಕತೊಡಗುತ್ತವೆ. ಬಾಡಿಗೆಯು ಕುಗ್ಗುತ್ತಿರುವಾಗಲೂ ಅಷ್ಟು ದೊಡ್ಡ ಸೂರಿನಡಿಯ ಶಾಖ, ಶೈತ್ಯ, ದೀಪ, ಕಾವಲುಗಳ ಖರ್ಚು ಒಂದು ಕಾಸೂ ಕುಗ್ಗುವುದಿಲ್ಲ. ಒಡೆಯನು ಒಂದು ಅಂತಸ್ತಿನ ದೀಪವನ್ನು ಆರಿಸುತ್ತಾನೆ. ದೀಪವಾರಿದ ಅಂತಸ್ತಿಗೆ ಗಿರಾಕಿಯು ಹೋಗುವುದಿಲ್ಲ. ಗಿರಾಕಿಯಿಲ್ಲದ ಅಂತಸ್ತಿನಿಂದ ಉಳಿದ ಅಂಗಡಿಯೂ ಹೊರಡುತ್ತದೆ. ಬೀದಿಗೆ ಬರುವ ಜ್ವರವು ಮಾಲಿಗೆ ಸನ್ನಿಪಾತವಾಗುವುದು ಹೀಗೆ.

ಮಿಡ್‌ಟೌನಿನಲ್ಲಿ ನಡೆದದ್ದು ಇದೇ. ಅದರ ಎರಡು ಕಂಬಗಳಾದ ಮೆಕರ್ಡಿ, ಫೋರ್ಮನ್ ಅಂಗಡಿಗಳು ೧೯೯೦ರ ದಶಕದ ನಡುವಿನಲ್ಲಿ ಮುಚ್ಚಿದುವು. ಬೀದಿಯಾಚೆಗಿದ್ದ ಸಿಬ್ಲಿ ಎಂಬ ದೊಡ್ಡ ಅಂಗಡಿಯು ೧೯೯೦ರಲ್ಲಿಯೇ ಕಣ್ಣು ಮುಚ್ಚಿತ್ತು. ಕಾಲಮಾನದ ಈ ಅಂಶವನ್ನು ವಾಚಕರು ಚೆನ್ನಾಗಿ ಗಮನಿಸಬೇಕು. ಮಾಲುಗಳನ್ನು ಕೊಂದದ್ದು ಅಂತರಜಾಲದ ವ್ಯಾಪಾರವೇ ಹೊರತು ಬೇರೇನೂ ಅಲ್ಲವೆಂದು ಈಗ ಎಲ್ಲರೂ ಹಾಡುವ ರಾಗವೊಂದುಂಟು. ಮನೆಯಲ್ಲಿ ಕುಳಿತೇ ಬೆರಳ ತುದಿಯಿಂದ ಸೀರೆ ಕೊಳ್ಳುವ ಕಾಲದಲ್ಲಿ ಅಂಗಡಿಗೆ ಬರುವವರು ಯಾರು, ಎಂಬುದು ಪಲ್ಲವಿ. ಆದರೆ ಮಿಡ್‌ಟೌನಿನ ಕಂಬಗಳು ಬಿದ್ದಾಗ ಆ ವ್ಯಾಪಾರವು ಇನ್ನೂ ತೊಟ್ಟಿಲಿನಲ್ಲಿತ್ತು. ಕೊಡ್ಯಾಕ್ ಕಂಪನಿಯ ದಿವಾಳಿಯ ಅರ್ಜಿಯೂ ೨೦೧೨ರದು. ಅಷ್ಟರಲ್ಲಿ ಮಾಲಿನ ಕಲ್ಲುಮಣ್ಣೂ ಸಾಗಿಹೋಗಿತ್ತು. ಅಂತರಜಾಲವು ಸತ್ತವನ ಮನೆಗೆ ಬಂದ ಕಳ್ಳನಿರಬಹುದು, ಕೊಲೆಗಾರನಲ್ಲ. ಕೊಲೆಗಾರನು ಅವನೇ ಎಂದು ಸಾಧಿಸುವುದರಲ್ಲಿ ಒಂದು ಅನುಕೂಲವಿದೆ: ನಕ್ಷೆ ಬರೆದವರೂ ಹೆದ್ದಾರಿ ಅಗೆದವರೂ ಅನುಮತಿ ಕೊಟ್ಟವರೂ ನಿರಪರಾಧಿಗಳಾಗಿ ಮನೆಗೆ ಹೋಗಬಹುದು.

ಇನ್ನು ಉತ್ತರಕ್ರಿಯೆಯ ಕಥೆ. ೨೦೦೭ರಲ್ಲಿ ದೂರಸಂಪರ್ಕದ ಕಂಪನಿಯೊಂದು ಈ ಜಾಗದಲ್ಲಿ ತನ್ನ ಮುಖ್ಯ ಕಚೇರಿಯನ್ನು ಕಟ್ಟುವುದಾಗಿ ಹೇಳಿತು. ಅದರ ಹೆಸರು ಪೇಟೆಕ್; ಹೆಸರಿನಲ್ಲಿ ಮಾತ್ರ ಪೇಟೆಯಿತ್ತೆಂದು ಕನ್ನಡಿಗರು ನಕ್ಕರೆ ತಪ್ಪಿಲ್ಲ. ಆ ಮಾತನ್ನು ನಂಬಿ ಪೌರಸಭೆಯು ಮಾಲನ್ನು ಸ್ವಾಧೀನಪಡಿಸಿಕೊಂಡಿತು. ಸಂಸ್ಥಾನ ಸರಕಾರವು ಐದು ಕೋಟಿ ಡಾಲರಿಗೂ ಮಿಕ್ಕ ಹಣವನ್ನು ತೆಗೆದಿಟ್ಟಿತು. ೨೦೦೮ರ ಜುಲೈಯಲ್ಲಿ ಮಾಲಿನ ಬಾಗಿಲುಗಳು ಮುಚ್ಚಿದುವು. ೨೦೧೦ರಲ್ಲಿ ಕೆಡವುವ ಕೆಲಸವು ಮೊದಲಾಯಿತು. ೨೦೧೧ರಲ್ಲಿ ಏನಾಯಿತು? ಪೇಟೆಕ್ ಕಂಪನಿಯನ್ನು ಆರ್ಕನ್ಸಾ ಸಂಸ್ಥಾನದ ಇನ್ನೊಂದು ಕಂಪನಿಯು ಕೊಂಡುಬಿಟ್ಟಿತು! ಆಕಾಶಕ್ಕೆ ಏಳಬೇಕಾಗಿದ್ದ ಮುಖ್ಯ ಕಚೇರಿಯ ಬದಲಾಗಿ, ಅಲ್ಲಿ ಉಳಿದಿದ್ದ ಹಳೆಯ ಕಟ್ಟಡವೊಂದರ ಎಲುಬಿನ ಗೂಡನ್ನೇ ಸರಿಪಡಿಸಿ ಒಂದು ಸಣ್ಣ ಕಚೇರಿಯು ಬಂದಿತು. ಮನೆಯ ಯಜಮಾನನು ಅಳಿಯನ ಮಾತನ್ನು ನಂಬಿ ಹಳೆಯ ಮನೆಯನ್ನು ಕೆಡವಿದ ಮೇಲೆ ಅಳಿಯನು ಊರು ಬಿಟ್ಟಂತಾಯಿತು.

ಆದರೂ ಆ ಜಾಗದಲ್ಲಿ ಒಂದಷ್ಟು ಒಳ್ಳೆಯದು ನಡೆಯಿತು. ನಡೆದದ್ದು ಯಾವುದೆಂಬುದು ವಿಚಾರಾರ್ಹ. ಕಚೇರಿಗಳ ಗೋಪುರದ ಉಕ್ಕಿನ ಚೌಕಟ್ಟನ್ನು ಕೆಡವದೆ ಉಳಿಸಿಕೊಂಡು, ಅದಕ್ಕೆ ಹೊಸ ಹೊದಿಕೆಯನ್ನು ಹಾಕಿ, ವಾಸದ ಮನೆಗಳನ್ನಾಗಿ ಮಾಡಿದರು. ೨೦೧೬ರಲ್ಲಿ ಅದು ತೆರೆಯಿತು. ಮಾಲಿನ ನೆಲದ ಮೇಲೆ ಮತ್ತೆ ಬೀದಿಗಳನ್ನು ಎಳೆದು, ಒಂದೇ ದೊಡ್ಡ ತುಂಡಾಗಿದ್ದ ನೆಲವನ್ನು ಹಲವು ನಿವೇಶನಗಳಾಗಿ ಒಡೆದರು. ಅವುಗಳಲ್ಲಿ ಐದನೆಯ ನಿವೇಶನವೆಂದು ಕರೆಯಲ್ಪಟ್ಟ ಬಯಲಿಗಾಗಿ ದೊಡ್ಡ ದೊಡ್ಡ ಯೋಜನೆಗಳು ಬಂದುವು. ೨೦೧೭ರಲ್ಲಿ ನಾಟಕಶಾಲೆಯನ್ನೂ ಮನೆಗಳ ಗೋಪುರವನ್ನೂ ಅಲ್ಲಿ ಕಟ್ಟಬೇಕೆಂದು ನಗರಾಧ್ಯಕ್ಷರು ಆರಿಸಿದರು. ೨೦೧೮ರಲ್ಲಿ ಆ ಯೋಜನೆಯು ಮುರಿದುಬಿದ್ದಿತು. ಬಯಲು ಬಯಲಾಗಿಯೇ ಇರಲೆಂದು ಊರವರಲ್ಲಿ ಅನೇಕರು ಪಟ್ಟು ಹಿಡಿದಿದ್ದರು. ಸಂಗೀತೋತ್ಸವಗಳ ಕಾಲದಲ್ಲಿ ಅಲ್ಲಿ ಸಾವಿರಾರು ಜನರು ನಿಂತು ಹಾಡು ಕೇಳಿದರು. ಆ ಸುತ್ತುಹೆದ್ದಾರಿಯ ಪೂರ್ವಭಾಗದ ಕಂದಕವನ್ನಂತೂ ೨೦೧೪ರಿಂದ ೨೦೧೭ರೊಳಗಾಗಿ ಮಣ್ಣು ತುಂಬಿ ಮುಚ್ಚಿ, ಅಲ್ಲಿ ಸಾಧಾರಣವಾದ ಬೀದಿಯನ್ನೂ ಅದರ ಬದಿಗೆ ಮನೆಗಳನ್ನೂ ಮಾಡಿದರು. ದೊಡ್ಡ ಒಡೆಯನ ದೊಡ್ಡ ಯೋಜನೆಗಳು ಒಂದೊಂದಾಗಿ ಬಿದ್ದುಹೋದುವು. ನಿಂತದ್ದು ಮನೆ, ಬೀದಿ, ಬಯಲು.

ರಾಚೆಸ್ಟರು ಒಂದೇ ಸಾಕ್ಷಿಯಾದರೆ ಆಕಸ್ಮಿಕವೆನ್ನಬಹುದು. ಒಹಾಯೊ ಸಂಸ್ಥಾನದ ರಾಜಧಾನಿಯಾದ ಕೊಲಂಬಸ್ ನಗರದಲ್ಲಿ ೧೯೮೯ರಲ್ಲಿ ಸಿಟಿ ಸೆಂಟರ್ ಎಂಬ ಭಾರಿ ಮಾಲು ಊರ ನಡುವೆ ತೆರೆಯಿತು. ಅದು ಬೀದಿಗೆ ತೋರಿಸಿದ್ದು ಬರಿಯ ಗೋಡೆಯನ್ನು; ಮುಖ್ಯ ಬೀದಿಯಾಚೆಗಿದ್ದ ದೊಡ್ಡ ಅಂಗಡಿಗೆ ಹೋಗಲು ಬೀದಿಗಿಳಿಯುವ ಕಷ್ಟ ಬೇಡವೆಂದು ಮೇಲೊಂದು ಮುಚ್ಚುಸೇತುವೆ ಬೇರೆ. ಹೊರವಲಯದಲ್ಲಿ ೧೯೯೭ರಿಂದ ೨೦೦೧ರೊಳಗೆ ಮೂರು ಹೊಸ ವ್ಯಾಪಾರಕೇಂದ್ರಗಳು ತೆರೆದ ಮೇಲೆ ಊರ ನಡುವಣ ಮಾಲು ಇಪ್ಪತ್ತು ವರ್ಷವನ್ನೂ ತುಂಬಲಾರದೆ ೨೦೦೯ರಲ್ಲಿ ಮುಚ್ಚಿತು. ಅದನ್ನು ಕೆಡವಿ ೨೦೧೧ರಲ್ಲಿ ಹುಲ್ಲುಬಯಲಿನ ಉದ್ಯಾನವನ್ನು ಮಾಡಿದರು. ಉದ್ಯಾನದ ಅಂಚಿನಲ್ಲಿ ಮನೆಗಳು ಎದ್ದುವು. ಇದರಲ್ಲಿ ಇನ್ನೊಂದು ವಿನೋದವಿದೆ. ಆ ಮಾಲನ್ನು ಸೋಲಿಸಿದ ಹೊರವಲಯದ ಕೇಂದ್ರಗಳಲ್ಲಿ ಹೆಸರಾದ ಈಸ್ಟನ್ ಎಂಬುದು, ತೆರೆದ ಬೀದಿ, ಕಾಲುದಾರಿ, ಚೌಕ, ದೀಪದ ಕಂಬಗಳನ್ನೆಲ್ಲ ಇಟ್ಟುಕೊಂಡು ಹಳೆಯ ಪಟ್ಟಣದ ವೇಷವನ್ನು ಹಾಕಿತ್ತು! ಊರು ತನ್ನ ಬೀದಿಯನ್ನು ಪೆಟ್ಟಿಗೆಯೊಳಗೆ ತುಂಬಿತು. ಹೊಲವು ಬೀದಿಯ ವೇಷ ಹಾಕಿ ಹಣ ಮಾಡಿತು.

ಗ್ರುಯೆನನೇ ಏನು ಹೇಳಿದನೆಂಬುದನ್ನು ಕೇಳಬೇಕು. ೧೯೬೮ರಲ್ಲಿ ಅವನು ವಿಯೆನ್ನಾಕ್ಕೆ ಮರಳಿದನು. ಮುಪ್ಪಿನಲ್ಲಿ ತನ್ನ ಚೌಕಗಳ ನಡುವೆ ನಡೆದಾಡಬೇಕೆಂದಿದ್ದವನಿಗೆ, ೧೯೭೬ರಲ್ಲಿ ಆ ನಗರದ ದಕ್ಷಿಣಕ್ಕೆ ಫೋಸೆನ್‌ಡಾರ್ಫಿನಲ್ಲಿ ಅಮೆರಿಕದ ಮಾದರಿಯ ವ್ಯಾಪಾರಕೇಂದ್ರವೊಂದು ತೆರೆಯುವುದನ್ನು ನೋಡುವ ಯೋಗ ಬಂದಿತು. ತಾನು ವಿಯೆನ್ನಾದಿಂದ ಕೊಂಡೊಯ್ದ ಬೀಜವು ಕಳೆಯಾಗಿ ವಿಯೆನ್ನಾಕ್ಕೇ ಬಂದಿತ್ತು. ೧೯೭೮ರಲ್ಲಿ ಲಂಡನ್ನಿನಲ್ಲಿ ಮಾಡಿದ ಭಾಷಣದಲ್ಲಿ, ತನ್ನ ಹೆಸರನ್ನು ಹೇಳಿಕೊಂಡು ಬೆಳೆದ ಈ ಮಾಲುಗಳ ಪಿತೃತ್ವವನ್ನೇ ಅವನು ನಿರಾಕರಿಸಿದನು; ಇಂಥ ಸಂತಾನಕ್ಕೆ ತಾನು ಜೀವನಾಂಶವನ್ನು ಕೊಡಲಾರೆನೆಂಬ ಅರ್ಥದಲ್ಲಿ ಬಿರುಸಾಗಿಯೇ ನುಡಿದನು. ಎರಡು ವರ್ಷಗಳ ತರುವಾಯ ತೀರಿಕೊಂಡನು. ತಂದೆಯೇ ಬೇಡವೆಂದ ಕೂಸನ್ನು ಇತರರು ದತ್ತು ತೆಗೆದುಕೊಳ್ಳಲು ಇಷ್ಟು ಆತುರಪಡುವುದೇಕೆ?

ಕನ್ನಡನಾಡು ಈ ದತ್ತಕವನ್ನು ತಡವಾಗಿಯಾದರೂ ಹುಮ್ಮಸ್ಸಿನಿಂದಲೇ ಮಾಡಿಕೊಂಡಿತು. ಅದರ ಫಲಗಳಲ್ಲಿ ಒಂದನ್ನು ೨೦೨೪ರ ಜುಲೈಯಲ್ಲಿ ಎಲ್ಲರೂ ನೋಡಿದರು. ಹಾವೇರಿಯ ಕಡೆಯ ವೃದ್ಧ ರೈತರೊಬ್ಬರನ್ನು ಮಗನು ಚಲಚ್ಚಿತ್ರ ತೋರಿಸಲು ಬೆಂಗಳೂರಿನ ಮಾಗಡಿ ರಸ್ತೆಯ ಮಾಲೊಂದಕ್ಕೆ ಕರೆದೊಯ್ದನು. ಕೈಯಲ್ಲಿ ಚೀಟಿಯಿತ್ತು. ಆದರೆ ಆ ಹಿರಿಯರು ಪಂಚೆಯನ್ನು ಉಟ್ಟಿದ್ದರೆಂಬ ಕಾರಣಕ್ಕೆ ಬಾಗಿಲಲ್ಲಿ ತಡೆದರು. ನಾಡೆಲ್ಲ ಕೋಪಗೊಂಡಿತು, ಏಳು ದಿನಗಳ ಕಾಲ ಮಾಲನ್ನು ಮುಚ್ಚಿಸುವುದಾಗಿ ಸರಕಾರವು ಹೇಳಿತು, ಮಾಲಿನವರು ಕ್ಷಮೆ ಕೇಳಿದರು. ಕೋಪವು ಅಲ್ಲಿಗೆ ತಣ್ಣಗಾಯಿತು. ಬಾಗಿಲು ಕಾಯುವ ಬಡಪಾಯಿಯನ್ನು ಬೈದು ಸುಮ್ಮನಾದವರಲ್ಲಿ, ಒಳಗೆ ಬರತಕ್ಕವರು ಯಾರೆಂದು ತೀರ್ಮಾನಿಸುವ ಅಧಿಕಾರವು ಆ ಬಾಗಿಲಿಗೆ ಎಲ್ಲಿಂದ ಬಂದಿತೆಂದು ಕೇಳಿದವರೆಷ್ಟು ಮಂದಿ? ಗಾಂಧಿಬಜಾರಿನ ಬೀದಿಯಲ್ಲಿ ನಿಂತು ಪಂಚೆಯವನನ್ನು ಹಿಂದಕ್ಕೆ ಕಳಿಸುವ ಎದೆಗಾರಿಕೆ ಯಾರಿಗಿದೆ? ಬೀದಿಗೆ ಬಾಗಿಲಿಲ್ಲ, ಆದುದರಿಂದ ಬಾಗಿಲು ಕಾಯುವವನೂ ಇಲ್ಲ.

ಮಾಲು ಶುಚಿಯಾಗಿದೆ, ತಂಪಾಗಿದೆ, ಹೆಂಗಸರೂ ಮಕ್ಕಳೂ ಮೋಟಾರುಗಳ ಭಯವಿಲ್ಲದೆ ತಿರುಗಾಡಬಹುದು ಎಂದು ಹೇಳುವವರುಂಟು. ಈ ಮಾತು ಸುಳ್ಳಲ್ಲ. ಮಾಲಿನ ಪರವಾಗಿ ಹೇಳಬಹುದಾದ ಮಾತುಗಳಲ್ಲಿ ಇದೇ ಗಟ್ಟಿಯಾದುದು. ಬೀದಿಯ ಕಾಲುದಾರಿಯು ಮುರಿದುಬಿದ್ದಿರುವಾಗ, ಅದರ ಮೇಲೆ ಬೈಸಿಕಲ್ಲೂ ಮೋಟಾರುಸೈಕಲ್ಲೂ ಏರಿಬರುವಾಗ, ಒಂದು ಸಾರ್ವಜನಿಕ ಶೌಚಗೃಹಕ್ಕಾಗಿ ಗೃಹಿಣಿಯರು ಎರಡು ಮೈಲಿ ನಡೆಯಬೇಕಾಗಿರುವಾಗ, ಮಾಲಿಗೆ ಹೋದವರನ್ನು ದೂಷಿಸುವುದು ಅನ್ಯಾಯ. ಆದರೆ ಈ ಗುಣಗಳಲ್ಲಿ ಯಾವುದು ತಾನೇ ಮಾಲಿನ ಸ್ವಂತದ್ದು? ಕಸ ಗುಡಿಸುವುದು, ಕಾಲುದಾರಿಯನ್ನು ಸರಿಯಾಗಿಡುವುದು, ನೆರಳಿಗೆ ಮರ ನೆಡುವುದು, ನೀರು ಶೌಚಗಳನ್ನು ಒದಗಿಸುವುದು, ಇವು ಕಂದಾಯ ತೆಗೆದುಕೊಂಡ ಪೌರಸಭೆಯ ಕರ್ತವ್ಯಗಳು.

ಮಾಲುಗಳ ಭವಿಷ್ಯವಾದರೂ ಇಲ್ಲಿ ಭದ್ರವೇ? ನೈಟ್ ಫ್ರ್ಯಾಂಕ್ ಎಂಬ ಸ್ಥಿರಾಸ್ತಿ ಸಲಹಾ ಸಂಸ್ಥೆಯು ೨೦೨೪ರಲ್ಲಿ ಹೊರಡಿಸಿದ ವರದಿಯಲ್ಲಿ, ನೂರಕ್ಕೆ ನಲವತ್ತಕ್ಕೂ ಹೆಚ್ಚು ಜಾಗ ಖಾಲಿ ಬಿದ್ದ ಮಾಲುಗಳನ್ನು ದೆವ್ವದ ಮಾಲುಗಳೆಂದೇ ಕರೆದು, ಹಿಂದಿನ ವರ್ಷದಲ್ಲಿ ಭಾರತದ ಎಂಟು ಮುಖ್ಯ ನಗರಗಳಲ್ಲಿ ಅಂಥವು ೬೪ ಇದ್ದುವೆಂದು ಲೆಕ್ಕ ಕೊಟ್ಟಿತು. ರಾಚೆಸ್ಟರಿಗೆ ಐವತ್ತು ವರ್ಷದಲ್ಲಿ ಬಂದದ್ದು ಇಲ್ಲಿ ಇಪ್ಪತ್ತು ವರ್ಷದಲ್ಲಿಯೇ ಬಂದಿದೆ. ಈ ದೆವ್ವಗಳನ್ನು ಏನು ಮಾಡಬೇಕೆಂಬ ಪ್ರಶ್ನೆಯು ಹೇಗೂ ಪೌರಸಭೆಗಳ ಮುಂದೆ ಬರಲಿದೆ. ಅದರ ಜೊತೆಗೇ ಇನ್ನೂ ಜೀವದಿಂದಿರುವ ಹಳೆಯ ಪೇಟೆಗಳ ಪ್ರಶ್ನೆ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗವು ೨೦೧೨ರ ಆಗಸ್ಟಿನಲ್ಲಿ ಕುಸಿದು ನಾಲ್ವರು ಪ್ರಾಣ ಬಿಟ್ಟರು. ೨೦೧೬ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗವು ಬಿದ್ದಿತು. ಕೆಡವಿ ಕಟ್ಟಬೇಕೆ, ಸರಿಪಡಿಸಿ ಉಳಿಸಬೇಕೆ ಎಂಬ ವಾದವು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಗೋಡೆಯ ಬಲಾಬಲಗಳನ್ನು ಎಂಜಿನಿಯರುಗಳು ಹೇಳಲಿ. ಪ್ರಾಣಭಯವಿರುವಲ್ಲಿ ಹಳೆಯ ಕಲ್ಲಿನ ಮೋಹ ಬೇಡ. ಆದರೆ ಮಲ್ಲಿಗೆ, ವೀಳ್ಯದೆಲೆ, ಬಾಳೆಹಣ್ಣು, ಕುಂಕುಮಗಳ ನೂರಾರು ಸಣ್ಣ ಮಳಿಗೆಗಳಿರುವ, ಎರಡು ಮುಖ್ಯ ರಸ್ತೆಗಳಿಗೆ ಬಾಗಿಲು ತೆರೆದಿರುವ ಆ ಪೇಟೆಯನ್ನು ಯಾವ ಮಾದರಿಯಲ್ಲಿ ಕಟ್ಟಬೇಕೆಂಬುದು ಎಂಜಿನಿಯರುಗಳೊಬ್ಬರೇ ತೀರ್ಮಾನಿಸತಕ್ಕ ವಿಷಯವಲ್ಲ. ಎಲೆ ಮಾರುವವಳನ್ನು ಮೂರನೆಯ ಅಂತಸ್ತಿಗೆ ಏರಿಸಿದರೆ ಎರಡು ಕಾಸಿನ ಎಲೆಗಾಗಿ ಅಲ್ಲಿಗೆ ಹತ್ತಿಹೋಗುವವರು ಯಾರು?

ಪೌರಸಭೆಗಳಿಂದ ಕೇಳಬೇಕಾದುದು ಬಹಳವಿಲ್ಲ. ಸತ್ತ ಮಾಲಿನ ಜಾಗವಾಗಲಿ ಹಳೆಯ ಪೇಟೆಯ ಜಾಗವಾಗಲಿ ಸಾರ್ವಜನಿಕರದ್ದಾಗಿದ್ದರೆ ಅದನ್ನು ಮಾರತಕ್ಕುದಲ್ಲ. ಒಬ್ಬನಿಗೇ ಗುತ್ತಿಗೆ ಕೊಡತಕ್ಕುದೂ ಅಲ್ಲ. ಕಟ್ಟಡದ ನಕ್ಷೆಗೆ ಮೊದಲು ಬೀದಿಯ ನಕ್ಷೆಯಾಗಲಿ. ಒಂದೇ ತುಂಡನ್ನು ಹಲವು ನಿವೇಶನಗಳಾಗಿ ಒಡೆದು ಹಲವು ಕೈಗಳಿಗೆ ಕೊಡಲಿ. ನೆಲದ ಅಂತಸ್ತಿನ ಪ್ರತಿಯೊಂದು ಅಂಗಡಿಯೂ ಹೊರಗಿನ ಬೀದಿಗೇ ಬಾಗಿಲು ತೆರೆಯಲಿ. ಮೇಲೆ ಜನರು ವಾಸವಾಗಿರಲಿ. ಉಕ್ಕಿನ ಚೌಕಟ್ಟು ಗಟ್ಟಿಯಾಗಿದ್ದರೆ ಅದನ್ನು ಕೆಡವುವ ಚಪಲವನ್ನು ಬಿಡಲಿ. ಬೀದಿಬದಿಯ ವ್ಯಾಪಾರಿಗಳ ರಕ್ಷಣೆಗೆಂದು ೨೦೧೪ರಲ್ಲಿ ಪಾರ್ಲಿಮೆಂಟು ಮಾಡಿದ ಶಾಸನವೊಂದುಂಟು. ನಕ್ಷೆ ಬರೆಯುವಾಗಲೇ ಆ ಶಾಸನವನ್ನು ಮೇಜಿನ ಮೇಲೆ ಇಟ್ಟುಕೊಳ್ಳಲಿ, ಕಟ್ಟಡವೆದ್ದ ಮೇಲೆ ಪೋಲೀಸರ ಲಾಠಿಯಿಂದಲ್ಲ. ಹೂ ಮಾರುವವರ ಕಟ್ಟೆಗೆ ಎಷ್ಟು ಅಡಿ ಜಾಗವೆಂಬುದು ಸೂರಿನ ಎತ್ತರದಷ್ಟೇ ಖಚಿತವಾಗಿ ಕಾಗದದ ಮೇಲೆ ಬರಲಿ.

ಕರಾರುಪತ್ರಕ್ಕೆ ಸಹಿ ಬೀಳುವ ಮುನ್ನ ಅದನ್ನು ಪೂರ್ತಿಯಾಗಿ ಕನ್ನಡದಲ್ಲಿ ಅಚ್ಚು ಹಾಕಿಸಿ ವಾರ್ಡುವಾರ್ಡಿಗೂ ಹಂಚಲಿ: ನೆಲ ಯಾರದು, ಬಾಡಿಗೆ ಎಷ್ಟು, ಗುತ್ತಿಗೆ ಎಷ್ಟು ವರ್ಷ, ಬಂದ ಕಂಪನಿಯು ನಡುವೆ ಮಾರಿಕೊಂಡು ಹೋದರೆ ಅಗೆದ ಗುಂಡಿಯನ್ನು ಮುಚ್ಚತಕ್ಕವರು ಯಾರು, ಬಾಗಿಲಿನ ಬೀಗದ ಕೈಯು ಯಾರ ಹತ್ತಿರ ಇರತಕ್ಕದ್ದು.